ಭಾರವೂ ಆಧಾರವೂ

ಮೂವತ್ತೈದು ವರ್ಷಗಳ ಕಾಲ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಬಂದ ನಮ್ಮಂಥವರು ಎಣ್ಣೆಯ ಪೀಪಾಯಿಗಳ ವಿಷಯವಾಗಿ ಲೇಖನವನ್ನು ಬರೆಯಹೊರಟಿರುವೆವೆಂದರೆ ವಾಚಕರು ನಗಬಹುದು. ಎರಡು ವರ್ಷಗಳ ಹಿಂದೆ ಯಾರಾದರೂ ನಮಗೇ ಈ ಮಾತನ್ನು ಹೇಳಿದ್ದರೆ ನಾವೂ ನಕ್ಕುಬಿಡುತ್ತಿದ್ದೆವು. ಆದರೆ ಮನುಷ್ಯನು ತಾನು ಕಲಿಸಿದ ಪಾಠವನ್ನು ಸ್ವತಃ ಕಲಿಯುವ ಕಾಲವು ಕೆಲವು ವೇಳೆ ವಿಶ್ರಾಂತಿವೇತನವು ಬರತೊಡಗಿದ ಮೇಲೆಯೇ ಒದಗುವುದು. ನಮಗೆ ಹಾಗೆ ಒದಗಿದ ಪಾಠವನ್ನು, ಅದರಲ್ಲಿ ನಮ್ಮ ತಪ್ಪೆಷ್ಟೆಂಬುದನ್ನೂ ಮರೆಮಾಚದೆ, ಸಂಸಾರಿಗಳಾದ ವಾಚಕರ ಮುಂದೆ ಇಡುವೆವು.

ನಮ್ಮ ತಮ್ಮನು ನಮ್ಮ ಮನೆಯ ಮುಂಭಾಗದಲ್ಲಿಯೇ ಹೊಂಗೆ, ಬೇವು, ಹರಳು ಮುಂತಾದ ಎಣ್ಣೆಗಳ ಸಗಟು ಅಂಗಡಿಯನ್ನು ಇಟ್ಟುಕೊಂಡಿದ್ದನು. ದೀಪಕ್ಕೆ, ಸಾಬೂನಿಗೆ, ಗಿಡಗಳಿಗೆ ಸಿಂಪಡಿಸುವ ಔಷಧಕ್ಕೆ ಈ ಎಣ್ಣೆಗಳನ್ನು ಕೊಳ್ಳುವವರು ನಮ್ಮ ಸೀಮೆಯಲ್ಲಿ ಈಗಲೂ ಇರುವರು. ನಾವು ಕೆಲಸದಿಂದ ನಿವೃತ್ತರಾದ ವರ್ಷವೇ ತಮ್ಮನು ತೀರಿಕೊಂಡನು. ಅವನ ಮಗನಿಗೆ ಆಗಿನ್ನೂ ಇಪ್ಪತ್ತೊಂದು ವರ್ಷ. “ದೊಡ್ಡಪ್ಪ, ಲೆಕ್ಕ ಮಾತ್ರ ನೀವು ನೋಡಿಕೊಳ್ಳಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ” ಎಂದು ಅವನು ಕೇಳಿದುದರಿಂದ ನಾವು ಗದ್ದಿಗೆಯ ಮೇಲೆ ಕುಳಿತೆವು. ಲೆಕ್ಕ ಬರೆಯುವವನಿಗೆ ಸಾಮಾನಿನ ಭಾರವು ತಿಳಿಯುವುದಿಲ್ಲ; ಅವನಿಗೆ ತಿಳಿಯುವುದು ಅಂಕಿಯೇ. ಇದೇ ಮುಂದಿನ ಅನರ್ಥಕ್ಕೆಲ್ಲ ಮೂಲವಾಯಿತು.

ಪೀಪಾಯಿಯೆಂಬ ಮಾತು ಪೋರ್ತುಗೀಸರ ‘ಪಿಪಾ’ ಎಂಬ ಶಬ್ದದಿಂದ ಬಂದುದು. ವಸ್ತುವು ಆ ಜನರಿಗಿಂತಲೂ ಪ್ರಾಚೀನವಾದುದು. ಆಲ್ಪ್ಸ್ ಪರ್ವತಗಳ ಬಳಿಯ ಜನರು ದ್ರಾಕ್ಷಾರಸವನ್ನು ಪಟ್ಟಿಗಳಿಂದ ಬಿಗಿದ ಮರದ ಪಾತ್ರೆಗಳಲ್ಲಿ ಇಡುವರೆಂದು ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿರುವನು. ಮರದ ಪೀಪಾಯಿಗೆ ನಡುವಿನಲ್ಲಿ ಹೊಟ್ಟೆಯುಂಟು. ಎರಡು ತುದಿಗಳೂ ಕಿರಿದು. ನೋಟದ ಅಂದಕ್ಕಾಗಿ ಹೀಗೆ ಮಾಡಿದುದಲ್ಲ. ಮಲಗಿಸಿದಾಗ ಹೊಟ್ಟೆಯ ಸ್ವಲ್ಪ ಭಾಗವು ಮಾತ್ರ ನೆಲಕ್ಕೆ ತಾಗುವುದರಿಂದ ಅದನ್ನು ಒಬ್ಬನೇ ಮನುಷ್ಯನು ಉರುಳಿಸಬಹುದು, ಬೇಕಾದ ದಿಕ್ಕಿಗೆ ತಿರುಗಿಸಲೂಬಹುದು. ಈಗ ನಾವು ಕಾಣುವ ಉಕ್ಕಿನ ಪೀಪಾಯಿಯು ಅಮೆರಿಕದಲ್ಲಿ ರೂಪುಗೊಂಡುದು. 1889ರಲ್ಲಿ ಹೊರಟು 72 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿ ಹೆಸರಾದ ನೆಲ್ಲಿ ಬ್ಲೈ ಎಂಬ ಪತ್ರಿಕಾಲೇಖಕಿಯು ಗಂಡನ ಉಕ್ಕಿನ ಕಾರಖಾನೆಯನ್ನು ನಡೆಸುತ್ತಿದ್ದ ಕಾಲದಲ್ಲಿ, ಅಲ್ಲಿಯ ಹೆನ್ರಿ ವೆರ್‌ಹಾನ್ ಎಂಬಾತನ ಲೋಹದ ಪೀಪಾಯಿಗೆ 1905ರಲ್ಲಿ ಪೇಟೆಂಟು ದೊರೆಯಿತು. ಇಂದಿನ ಡ್ರಮ್ಮಿಗೆ ಹೊಟ್ಟೆಯಿಲ್ಲ. ಅದರ ಬದಲು ಮೈಯ ಸುತ್ತ ಎರಡು ಉಬ್ಬು ಬಳೆಗಳಿವೆ. ಉರುಳುವುದು ಆ ಬಳೆಗಳ ಮೇಲೆಯೇ.

ಹೀಗೆ ಪೀಪಾಯಿಯ ಆಕಾರವೇ ಒಂದು ಉಪಕರಣವು. ಅದು ತನ್ನ ಚಕ್ರವನ್ನು ತಾನೇ ಹೊತ್ತಿರುವ ಗಾಡಿ. ಅದರ ಮೋಸವೂ ಇದರಲ್ಲಿಯೇ ಅಡಗಿದೆ. ಅಂಗಡಿಗೆ ಬರುವ ಪೀಪಾಯಿಯು ಸುಮಾರು 3 ಅಡಿ ಎತ್ತರ, 2 ಅಡಿಗೆ ಸ್ವಲ್ಪ ಕಡಮೆ ಅಗಲ. ಅದರಲ್ಲಿ 200 ಲೀಟರು ಎಣ್ಣೆ ಹಿಡಿಯುವುದು. ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಅದರ ತೂಕ 185 ಕಿಲೋ ಆಸುಪಾಸು. ಬರಿಯ ಡ್ರಮ್ಮಿನದು ಹದಿನೆಂಟೋ ಇಪ್ಪತ್ತೋ ಕಿಲೋ. ಒಟ್ಟಿನಲ್ಲಿ 200 ಕಿಲೋ. ಇಷ್ಟು ಭಾರವು ಸಮನಾದ ನೆಲದ ಮೇಲೆ ಒಂದು ಕೈಯ ಒತ್ತಿಗೆ ಸಾಧುವಾದ ಹಸುವಿನಂತೆ ಮುಂದೆ ಹೋಗುವುದು. ನೋಡುವವನು ಇದು ತನ್ನ ಮಾತು ಕೇಳುವುದೆಂದು ನಂಬುವನು. ನೆಲವು ಒಂದು ಗೇಣು ಏರಿದಾಗಲೋ ಇಳಿದಾಗಲೋ ಅದರ ನಿಜವಾದ ತೂಕವು ಹೊರಬೀಳುವುದು. ಅಷ್ಟರಲ್ಲಿ ಮನುಷ್ಯನು ಅದರ ದಾರಿಗೆ ಅಡ್ಡವಾಗಿ ನಿಂತಾಗಿರುವುದು.

ಈ ವಿಷಯವು ನಮಗೆ ತಿಳಿಯದುದಾಗಿತ್ತೆ? ತಿಳಿದಿತ್ತು, ತಿಳಿದಿದ್ದುದು ಮಾತ್ರವಲ್ಲ, ಪಾಠವನ್ನೇ ಹೇಳಿದ್ದೆವು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಶಾಲೆಗೆ ಒಂದು ವರ್ಷವಿಡೀ ವಿಜ್ಞಾನದ ಉಪಾಧ್ಯಾಯರು ಬರಲಿಲ್ಲ. ಸಂಸ್ಕೃತದವರಿಗೆ ಬಿಡುವು ಹೆಚ್ಚೆಂದು ಮುಖ್ಯೋಪಾಧ್ಯಾಯರು ಆ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು. ಸನ್ನೆಕೋಲು, ರಾಟೆ, ಬೆಣೆ, ಇಳಿಜಾರು ಎಂಬ ಸರಳಯಂತ್ರಗಳ ಪಾಠವು ಬಂದಾಗ ನಾವು ಹಲಗೆಯ ಮೇಲೆ ಒಂದು ಗಾಡಿಯನ್ನೂ, ಗಾಡಿಗೆ ಒರಗಿಸಿದ ಮರದ ಪಟ್ಟಿಯನ್ನೂ, ಅದರ ಮೇಲೆ ಉರುಳುತ್ತ ಏರುವ ಒಂದು ಪೀಪಾಯಿಯನ್ನೂ ಬಹಳ ಶ್ರದ್ಧೆಯಿಂದ ಬರೆದೆವು. ಸೈಮನ್ ಸ್ಟೆವಿನ್ ಎಂಬ ಪಂಡಿತನು 1586ರ ತನ್ನ ಪುಸ್ತಕದಲ್ಲಿ ತ್ರಿಕೋಣದ ಸುತ್ತ ಗುಂಡುಗಳ ಮಾಲೆಯನ್ನು ಇಳಿಬಿಟ್ಟು ಇಳಿಜಾರಿನ ನಿಯಮವನ್ನು ಸಾಧಿಸಿದ ಕಥೆಯನ್ನೂ ಹೇಳಿದೆವು. ಪಟ್ಟಿಯ ಉದ್ದವು ಎತ್ತರಕ್ಕಿಂತ ಎಷ್ಟು ಪಾಲು ಹೆಚ್ಚೋ, ಬೇಕಾದ ಬಲವು ಭಾರಕ್ಕಿಂತ ಅಷ್ಟು ಪಾಲು ಕಡಮೆ ಎಂಬ ಸೂತ್ರವನ್ನು ಹುಡುಗರೆಲ್ಲ ಗಟ್ಟಿಯಾಗಿ ಹೇಳಿದರು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನು ಎದ್ದು ನಿಂತು, “ಕೈ ಬಿಟ್ಟರೆ ಏನಾಗುತ್ತೆ, ಮೇಷ್ಟ್ರೇ?” ಎಂದು ಕೇಳಿದನು. ತರಗತಿಯು ನಕ್ಕಿತು. ನಾವು “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆವು. ಹುಡುಗನು ಕುಳಿತನು. ಮರು ವರ್ಷ ಅವನ ತಂದೆಯು ಕಾಯಿಲೆ ಬಿದ್ದುದರಿಂದ ಅವನು ಶಾಲೆಯನ್ನು ಬಿಟ್ಟು ಹಮಾಲಿಗೆ ಸೇರಿದನು. ನಮ್ಮ ತಮ್ಮನ ಅಂಗಡಿಯ ಭಾರವನ್ನೆಲ್ಲ ಹದಿನೈದು ವರ್ಷ ಹೊತ್ತವನು ಅವನೇ.

ಲಾರಿಯಿಂದ ಪೀಪಾಯಿಗಳನ್ನು ಇಳಿಸುವ ಪದ್ಧತಿಯನ್ನು ಪೇಟೆಯಲ್ಲಿ ವಾಚಕರು ನೋಡಿರಬಹುದು. ಲಾರಿಯ ಹಿಂದೆ ಒಂದು ಹಳೆಯ ಟೈರನ್ನು ಹಾಕುವರು; ಮೇಲಿನಿಂದ ಪೀಪಾಯಿಯನ್ನು ಅದರ ಮೇಲೆ ನೂಕುವರು; ಅದು ಪುಟಿದು ಹೊರಳಿ ಬೀಳುವುದು. ಅದೇನೂ ಒಳ್ಳೆಯ ಪದ್ಧತಿಯಲ್ಲ. ಪೀಪಾಯಿಯ ಅಂಚು ನಜ್ಜುಗುಜ್ಜಾಗಿ ಎಣ್ಣೆ ಒಸರುವುದುಂಟು. ಪುಟಿದ ಪೀಪಾಯಿಯು ಯಾವ ಕಡೆಗೆ ಹೊರಳೀತೆಂದು ಹೇಳಲಾಗದು. ನಾವು ಗದ್ದಿಗೆಯ ಮೇಲೆ ಕುಳಿತ ಮೊದಲನೆಯ ಮಳೆಗಾಲದಲ್ಲಿ, ಒಂದು ಸಂಜೆ, ತುಂತುರು ಹನಿಯುತ್ತಿದ್ದಾಗ ಎಂಟು ಪೀಪಾಯಿಗಳ ಲಾರಿ ಬಂದಿತು. ಟೈರನ್ನು ಯಾರೋ ಒಯ್ದಿದ್ದರು. ಲಾರಿಯವನಿಗೆ ಮುಂದಿನ ಊರಿಗೆ ಹೋಗುವ ಅವಸರ. ಅಂಗಡಿಯಲ್ಲಿ ಆರು ಅಡಿಯ ಒಂದು ಹಲಗೆ ಇತ್ತು. “ಹಲಗೆ ಕೊಟ್ಟು ಇಳಿಸಿಬಿಡಪ್ಪ” ಎಂದೆವು.

ಅವನು ಹಲಗೆಯನ್ನೂ ಲಾರಿಯ ಎತ್ತರವನ್ನೂ ನೋಡಿದನು. “ಹಲಗೆ ಗಿಡ್ಡ ಆಯ್ತು, ಮೇಷ್ಟ್ರೇ. ಒಳಗಿಂದ ಒಂದು ಹಗ್ಗ ಕೊಡ್ಸಿ, ಮೇಲಿಂದ ಹಿಡ್ಕೊಂಡು ಬಿಡ್ತೀವಿ” ಎಂದನು.

ಹಗ್ಗವು ಮನೆಯಲ್ಲಿತ್ತು. ನಲ್ಲಿಯ ನೀರು ವಾರಕ್ಕೆ ಎರಡು ಸಲ ಮಾತ್ರ ಬರುವ ನಮ್ಮ ಊರಿನಲ್ಲಿ ಹಿತ್ತಿಲ ಬಾವಿಯೇ ಗತಿ. ಅದಕ್ಕೆಂದು ಹಿಂದಿನ ವಾರವೇ ಹೆಬ್ಬೆರಳ ಗಾತ್ರದ ಹೊಸ ನಾರಿನ ಹಗ್ಗವನ್ನು ತಂದು ಪಡಸಾಲೆಯಲ್ಲಿ ಸುತ್ತಿಟ್ಟಿದ್ದೆವು. ಬಾವಿಯ ಹಗ್ಗಕ್ಕೆ ಎಣ್ಣೆ ಹತ್ತಿದರೆ ನೀರೆಲ್ಲ ವಾಸನೆಯಾಗುವುದೆಂಬ ಯೋಚನೆ ನಮಗೆ ಬಂದಿತು. “ಹಗ್ಗ ಬಾವಿಯದು, ಎಣ್ಣೆಯಾದೀತು. ಇಬ್ಬರು ಕೆಳಗೆ ನಿಂತು ಒತ್ತಿಕೊಂಡರೆ ಸಾಕು” ಎಂದು ಹೇಳಿ ನಾವು ಪುಸ್ತಕದ ಕಡೆಗೆ ತಿರುಗಿದೆವು.

ಐದು ಪೀಪಾಯಿಗಳು ಕ್ಷೇಮವಾಗಿ ಇಳಿದವು. ಆರನೆಯದು ನೆನೆದ ಹಲಗೆಯ ಮೇಲೆ ಓರೆಯಾಯಿತು. ಜೊತೆಯವನು ಪಕ್ಕಕ್ಕೆ ಹಾರಿಕೊಂಡನು. ಇವನು ಪೀಪಾಯಿ ಒಡೆದೀತೆಂದು ಕೈ ಬಿಡಲಿಲ್ಲ. ಬಲಗಾಲಿನ ಹರಡು ಮುರಿಯಿತು.

ಆ ರಾತ್ರಿ ಆಸ್ಪತ್ರೆಯಿಂದ ಬಂದು ನಾವು ಕಾಗದವನ್ನು ತೆಗೆದುಕೊಂಡು ಇಪ್ಪತ್ತೈದು ವರ್ಷಗಳ ಹಿಂದಿನ ಲೆಕ್ಕವನ್ನು ಮಾಡಿದೆವು. ಲಾರಿಯ ಎತ್ತರ 4 ಅಡಿ, ಹಲಗೆ 6 ಅಡಿ. 200 ಕಿಲೋ ಭಾರದ ಮೂರರಲ್ಲಿ ಎರಡು ಪಾಲು, ಎಂದರೆ 133 ಕಿಲೋ, ಹಲಗೆಯುದ್ದಕ್ಕೂ ಆ ಇಬ್ಬರ ಮೈಮೇಲೆ ಬಿದ್ದಿತ್ತು. ಒಬ್ಬನು ಜಾರಿದಾಗ ಅಷ್ಟೂ ಉಳಿದ ಒಬ್ಬನದಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ, ವಯಸ್ಕ ಪುರುಷನೊಬ್ಬನು ಹೊರುವ ಭಾರದ ಮಿತಿಯು 55 ಕಿಲೋಗ್ರಾಮಿಗಿಂತ ಹೆಚ್ಚಾಗಿರುವಲ್ಲಿ ಅದನ್ನು ಶೀಘ್ರವಾಗಿ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿರುವುದು. ಒಂದು ಸಾಲಿನ ಭಾಗಾಕಾರ. ಅದನ್ನು ಮಾಡಲು ನಮಗೆ ಆ ಸಂಜೆ ಅರ್ಧ ನಿಮಿಷ ಸಾಲುತ್ತಿತ್ತು.

ನಮ್ಮ ಮನೆಯಾಕೆಯು ಊಟಕ್ಕೆ ಬಡಿಸುತ್ತ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ಒಂದೇ ಮಾತು ಹೇಳಿದಳು: “ಹಗ್ಗಕ್ಕೆ ಎಣ್ಣೆ ಹತ್ತಿದ್ದರೆ ಸೀಗೆಪುಡಿ ಹಾಕಿ ತೊಳೆಯಬಹುದಿತ್ತು.” ಆ ಅನ್ನವು ನಮ್ಮ ಗಂಟಲಲ್ಲಿ ಇಳಿಯಲಿಲ್ಲ.

ಆಸ್ಪತ್ರೆಯ ವೆಚ್ಚವನ್ನೂ ಅವನು ಮಲಗಿದ್ದ ನಾಲ್ಕು ತಿಂಗಳುಗಳ ಕೂಲಿಯನ್ನೂ ಅಂಗಡಿಯಿಂದ ಕೊಟ್ಟೆವು. ಇದನ್ನು ಔದಾರ್ಯವೆಂದು ಹೇಳಿಕೊಳ್ಳುತ್ತಿಲ್ಲ, ಅದು ಋಣ. ಮೂಳೆಯು ಕೂಡಿತು, ಆದರೆ ಹರಡು ಮೊದಲಿನಂತೆ ಬಾಗದಾಯಿತು. ಆ ದಿನಗಳಲ್ಲಿ ನಮ್ಮ ಮನಸ್ಸು ನಾವು ಬಲ್ಲ ಒಂದೇ ವಿದ್ಯೆಯ ಕಡೆಗೆ, ಧಾತುಗಳ ಕಡೆಗೆ, ಮತ್ತೆ ಮತ್ತೆ ಹೋಗುತ್ತಿತ್ತು. ‘ಭಾರ’ ಎಂಬ ಶಬ್ದವು ‘ಭೃ’ ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಧಾರಣ ಮತ್ತು ಪೋಷಣ ಎಂಬ ಎರಡು ಅರ್ಥಗಳು: ಹೊರುವುದು, ಸಲಹುವುದು. ಕೂಲಿಗೆ ‘ಭೃತಿ’ ಎಂದು ಹೆಸರು. ಆಳಿಗೆ ‘ಭೃತ್ಯ’ ಎಂದು ಹೆಸರು. ಭೃತ್ಯನೆಂದರೆ ಭಾರವನ್ನು ಹೊರುವವನೆಂದು ಹುಡುಗರು ಬರೆದರೆ ನಾವು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆವು. ಆ ಪ್ರತ್ಯಯಕ್ಕೆ ಕರ್ಮಣಿ ಅರ್ಥ, ಭೃತ್ಯನೆಂದರೆ ಸಲಹಲ್ಪಡಬೇಕಾದವನು. ಎಷ್ಟು ಉತ್ತರಪತ್ರಿಕೆಗಳಲ್ಲಿ ಇದನ್ನು ತಿದ್ದಿದೆವೋ! ನಮ್ಮ ಅಂಗಡಿಯ ಬಾಗಿಲಲ್ಲಿ ಅದೇ ತಪ್ಪನ್ನು ನಾವೇ ಮಾಡಿದ್ದೆವು.

ಅವನು ಕೋಲೂರಿಕೊಂಡು ಅಂಗಡಿಗೆ ಬಂದ ದಿನ, ಭಾರ ಎತ್ತುವ ಉಪಕರಣಗಳನ್ನೆಲ್ಲ ಹೊಸದಾಗಿ ಮಾಡಿಸಬೇಕೆಂದಿರುವೆವೆಂದೂ, ಏನೇನು ಬೇಕೆಂದು ಅವನೇ ಹೇಳಬೇಕೆಂದೂ ಕೇಳಿದೆವು. ಬಡಗಿಯೂ ಕಮ್ಮಾರನೂ ಬಂದರು. ಅವನು ಸ್ಟೂಲಿನ ಮೇಲೆ ಕುಳಿತು ಹೇಳುತ್ತ ಹೋದನು, ನಾವು ಬರೆದುಕೊಂಡೆವು. ಅಂದು ಅವನು ಮೇಷ್ಟ್ರು, ನಾವು ಹುಡುಗರು.

ಮೊದಲನೆಯದು ಹಲಗೆ. 12 ಅಡಿ ಉದ್ದದ ಎರಡು ಗಟ್ಟಿ ತೊಲೆಗಳು. ನಡುವೆ ಅಡ್ಡಪಟ್ಟಿಗಳನ್ನು ಹಾಕಿ, ಪೀಪಾಯಿಯ ಎರಡು ಬಳೆಗಳು ಎರಡು ತೊಲೆಗಳ ಮೇಲೆ ಕೂರುವಂತೆ ಬಿಗಿದುದು. ಮೇಲಿನ ತುದಿಗೆ ಲಾರಿಯ ಅಂಚನ್ನು ಕಚ್ಚಿ ಹಿಡಿಯುವ ಎರಡು ಕಬ್ಬಿಣದ ಕೊಕ್ಕೆಗಳು; ಹಲಗೆಯು ಹಿಂದಕ್ಕೆ ಜಾರಿದರೆ ಉಳಿದುದೆಲ್ಲ ವ್ಯರ್ಥ. ಉದ್ದವು ಎತ್ತರದ ಮೂರರಷ್ಟಾದುದರಿಂದ 200 ಕಿಲೋ ಭಾರವು ಇಲ್ಲಿ 67 ಕಿಲೋ ಆಗುವುದು.

ಎರಡನೆಯದು ಹಗ್ಗ. ಹಗ್ಗದ ನಡುಭಾಗವನ್ನು ಲಾರಿಯ ಮೇಲಿನ ಗಟ್ಟಿಯಾದ ಕಂಬಿಗೆ ಕಟ್ಟುವುದು. ಎರಡು ತುದಿಗಳನ್ನೂ ಹಲಗೆಯ ಮೇಲಿನಿಂದ ಇಳಿಬಿಟ್ಟು, ಪೀಪಾಯಿಯ ಕೆಳಗಿನಿಂದ ಬಳಸಿ, ಮತ್ತೆ ಅದರ ಮೇಲಿನಿಂದ ಲಾರಿಯಲ್ಲಿ ನಿಂತವರ ಕೈಗೆ ತರುವುದು. ಪೀಪಾಯಿಯು ಆಗ ಹಗ್ಗದ ತೊಟ್ಟಿಲಲ್ಲಿ ಮಲಗಿದಂತಾಗುವುದು. ಎಳೆದರೆ ಉರುಳುತ್ತ ಏರುವುದು. ಸಡಿಲಿಸಿದರೆ ಉರುಳುತ್ತ ಇಳಿಯುವುದು. ಭಾರದಲ್ಲಿ ಅರ್ಧವನ್ನು ಕಂಬಿಯೇ ಹೊರುವುದರಿಂದ 67 ಕಿಲೋ ಎಂಬುದು 33 ಆಗಿ, ಇಬ್ಬರು ಹಿಡಿದರೆ ತಲೆಗೆ ಹದಿನೇಳೇ ಕಿಲೋ ಬೀಳುವುದು. ಹಲಗೆಯ ತಿಕ್ಕಾಟ, ಹಗ್ಗದ ಬಿಗುವು ಇವುಗಳಿಂದ ಅಂಕಿಯು ಸ್ವಲ್ಪ ಹೆಚ್ಚುಕಡಮೆಯಾದೀತು. ಆದರೆ ಇದರ ಮುಖ್ಯವಾದ ಗುಣವು ಅಂಕಿಯಲ್ಲಿಲ್ಲ. ಎಳೆಯುವವರಿಬ್ಬರೂ ಮೇಲೆಯೇ ನಿಲ್ಲುವರು. ಪೀಪಾಯಿಯ ಕೆಳಗೆ ಯಾರೂ ನಿಲ್ಲಬೇಕಾಗಿಲ್ಲ. ಹಗ್ಗ ಹರಿದರೆ ಎಣ್ಣೆ ಹೋದೀತು, ಕಾಲು ಹೋಗದು.

ಈ ಉಪಾಯಕ್ಕೆ ಹಡಗಿನವರು ‘ಪಾರ್‌ಬಕಲ್’ ಎಂದು ಹೆಸರಿಟ್ಟಿರುವರು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಬಂಡೆಗೆ ತಾಗಿ ಮಗ್ಗುಲಾದ ಕೋಸ್ಟಾ ಕಾಂಕಾರ್ಡಿಯಾ ಎಂಬ 290 ಮೀಟರು ಉದ್ದದ ಹಡಗನ್ನು 2013ರ ಸೆಪ್ಟೆಂಬರಿನಲ್ಲಿ ಉಕ್ಕಿನ ಹುರಿಗಳಿಂದ ಎಳೆದು ಹೊರಳಿಸಿ ನಿಲ್ಲಿಸಿದರಷ್ಟೆ. ಆ ಕಾರ್ಯಕ್ಕೂ ಇದೇ ಹೆಸರು. ನಮ್ಮ ತಮ್ಮನ ಮಗನು ಅದರ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ಅವನಿಗೆ ತೋರಿಸಿದನು. ಅವನು ಬಹಳ ಹೊತ್ತು ನೋಡಿ, “ಅವರೂ ಕೆಳಗೆ ಯಾರನ್ನೂ ನಿಲ್ಲಿಸಿಲ್ಲ ನೋಡಿ” ಎಂದನು.

ಮೂರನೆಯದು ಸನ್ನೆ. ನಿಂತ ಪೀಪಾಯಿಯನ್ನು ಮಲಗಿಸುವಾಗಲೂ ಮಲಗಿದುದನ್ನು ನಿಲ್ಲಿಸುವಾಗಲೂ ಬೆರಳುಗಳು ಅಂಚಿನ ಕೆಳಗೆ ಸಿಕ್ಕುವುದು ಹೆಚ್ಚು. ಬೆನ್ನು ಹಿಡಿದುಕೊಳ್ಳುವುದೂ ಆಗಲೇ. ಇದಕ್ಕಾಗಿ ಕಮ್ಮಾರನು ಐದು ಅಡಿ ಉದ್ದದ ಕೊಳವೆಗೆ ಪೀಪಾಯಿಯ ಅಂಚನ್ನು ಕಚ್ಚುವ ಒಂದು ಕೊಕ್ಕೆಯನ್ನೂ, ನೆಲಕ್ಕೆ ಊರುವ ಒಂದು ಪಾದವನ್ನೂ ಬೆಸೆದುಕೊಟ್ಟನು. ಪೀಪಾಯಿಯ ಭಾರದ ನಡುಬಿಂದುವು ಅದರ ಅಂಚನ್ನು ದಾಟುವ ತನಕ ಅದು ಎತ್ತುವವನಿಗೆ ಎದುರು. ದಾಟಿದ ಕೂಡಲೇ ಅದು ತಾನಾಗಿ ಬೀಳತೊಡಗುವುದು. ಉದ್ದವಾದ ಕೊಳವೆಯು ಎರಡು ಸ್ಥಿತಿಗಳಲ್ಲಿಯೂ ಮನುಷ್ಯನನ್ನು ಪೀಪಾಯಿಯಿಂದ ದೂರದಲ್ಲಿ ನಿಲ್ಲಿಸುವುದು.

ನಾಲ್ಕನೆಯದು ಪೀಠ. ಎಣ್ಣೆಯನ್ನು ನಲ್ಲಿಯಿಂದ ಡಬ್ಬಿಗೆ ಬಿಡಬೇಕಾದರೆ ಪೀಪಾಯಿಯು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಮಲಗಿರಬೇಕು. ಹಿಂದೆ ಇಟ್ಟಿಗೆಗಳ ಮೇಲೆ ಇಡುತ್ತಿದ್ದೆವು. ಈಗ ಜಾಲಿಯ ಮರದ ಎರಡು ದಿಮ್ಮಿಗಳಲ್ಲಿ ಪೀಪಾಯಿಯ ಮೈಗೆ ಸರಿಯಾಗಿ ಅರ್ಧಚಂದ್ರಾಕಾರದ ಕಚ್ಚುಗಳನ್ನು ಕೊರೆಸಿ, ದಪ್ಪ ಕಾಲುಗಳ ಮೇಲೆ ಕೂರಿಸಿರುವೆವು. ಪ್ರತಿಯೊಂದು ಪೀಪಾಯಿಗೂ ಎರಡು ಮಗ್ಗುಲಲ್ಲಿ ಒಂದೊಂದು ಬೆಣೆ. “ಗುಂಡಗಿರೋದಕ್ಕೆ ನಿದ್ದೆ ಬರೋದಿಲ್ಲ, ಮೇಷ್ಟ್ರೇ” ಎಂದು ಅವನು ಹೇಳಿದನು. ಒಂದರ ಮೇಲೊಂದು ಮಲಗಿಸಿ ಜೋಡಿಸುವಲ್ಲಿ ಇದು ಇನ್ನೂ ನಿಜ. ಮೇಲಿನವು ಕೆಳಗಿನವನ್ನು ಹಗಲಿರುಳೂ ಹೊರಕ್ಕೆ ಒತ್ತುತ್ತಲೇ ಇರುವುವು. ಕೆಳಸಾಲಿನ ಕೊನೆಯ ಬೆಣೆಯನ್ನು ಕಿತ್ತರೆ ರಾಶಿಯೆಲ್ಲ ಉರುಳುವುದು.

ಐದನೆಯದು ಕೈಗಾಡಿ. ಎರಡು ಚಕ್ರ, ಉದ್ದನೆಯ ಹಿಡಿಕೆ, ಕೆಳಗೆ ಅಡಿಪಟ್ಟಿ, ಮೇಲೆ ಪೀಪಾಯಿಯ ಅಂಚನ್ನು ಹಿಡಿಯುವ ಕೊಕ್ಕೆ. ಹಿಡಿಕೆಯನ್ನು ಹಿಂದಕ್ಕೆ ವಾಲಿಸಿದಾಗ ಭಾರವು ಚಕ್ರದ ಅಚ್ಚಿನ ನೇರಕ್ಕೆ ಬರುವುದರಿಂದ ಕೈಗೆ ಬೀಳುವುದು ಅತ್ಯಲ್ಪ. ಇದೊಂದನ್ನು ಮಾತ್ರ ಸಿದ್ಧವಾದುದನ್ನೇ ಕೊಂಡೆವು. ಹೆಚ್ಚು ಪೀಪಾಯಿಗಳಿರುವ ಕಡೆ ಮೇಲಿನ ತೊಲೆಗೆ ಸರಪಳಿಯ ರಾಟೆಯನ್ನು, ಕೆಲಸಗಾರರ ಮಾತಿನಲ್ಲಿ ಚೈನ್ ಪುಲ್ಲಿಯನ್ನು, ತೂಗುಬಿಡುವರು. ಸರಪಳಿಯನ್ನು ಬಹಳ ಉದ್ದ ಎಳೆದರೆ ಭಾರವು ಸ್ವಲ್ಪವೇ ಏರುವುದು, ಎಳೆಯುವುದನ್ನು ನಿಲ್ಲಿಸಿದರೆ ಅಲ್ಲಿಯೇ ನಿಲ್ಲುವುದು. ಅದಕ್ಕೆ ಸೇರಿಸುವ ಇಕ್ಕುಳದಂಥ ಹಿಡಿತವೊಂದುಂಟು. ಭಾರವು ಕೆಳಕ್ಕೆ ಜಗ್ಗಿದಷ್ಟೂ ಅದರ ಹಲ್ಲುಗಳು ಅಂಚನ್ನು ಬಿಗಿಯಾಗಿ ಕಚ್ಚುವುವು. ನಮ್ಮ ಅಂಗಡಿಯ ಹಳೆಯ ತೊಲೆಯು ಅಷ್ಟು ಭಾರವನ್ನು ತಡೆಯುವುದೆಂಬ ಭರವಸೆ ಬಡಗಿಗೆ ಇರಲಿಲ್ಲವಾದುದರಿಂದ ಅದನ್ನು ಹಾಕಿಸಲಿಲ್ಲ. ಎತ್ತುವ ಯಂತ್ರವು ಎಷ್ಟು ಬಲವಾದುದಾದರೂ ಅದನ್ನು ತೂಗುಹಾಕಿದ ಮರದಷ್ಟೇ ಅದರ ಬಲ.

ಇವೆಲ್ಲಕ್ಕೂ ಸೇರಿ ತಗಲಿದ ಹಣವು ಆಸ್ಪತ್ರೆಯಲ್ಲಿ ನಾವು ಕೊಟ್ಟ ಹಣದ ನಾಲ್ಕನೆಯ ಒಂದು ಪಾಲೂ ಆಗಲಿಲ್ಲ. ಹಣದ ಮಾತನ್ನು ಇಲ್ಲಿ ತಂದುದೇಕೆಂದರೆ, ಸಂಸಾರಿಗಳಾದ ನಾವು ಇಂಥ ಸಾಧನಗಳನ್ನು ಮಾಡಿಸದೆ ಮುಂದೂಡುವುದು ಸಾಮಾನ್ಯವಾಗಿ ಮಿತವ್ಯಯದ ಹೆಸರಿನಲ್ಲಿ. ವ್ಯಯವು ತಪ್ಪುವುದಿಲ್ಲ, ಬೇರೊಬ್ಬರ ಮೈಯಿಂದ ಅದನ್ನು ಸಲ್ಲಿಸುವೆವು, ಅಷ್ಟೆ.

ಎಣ್ಣೆಯ ಅಂಗಡಿಯಿಲ್ಲದ ವಾಚಕರು ಇದು ತಮಗೆ ಸೇರಿದುದಲ್ಲವೆಂದು ತಿಳಿಯಬಾರದು. ನೀರಿಗೆಂದು ಹಿತ್ತಿಲಲ್ಲಿಟ್ಟ 200 ಲೀಟರಿನ ಪ್ಲಾಸ್ಟಿಕ್ ಪೀಪಾಯಿಯು ತುಂಬಿದಾಗ ಎಣ್ಣೆಯ ಪೀಪಾಯಿಯಷ್ಟೇ ಭಾರ. ಅದನ್ನು ಓರೆಮಾಡಿ ಸರಿಸಲು ಹೆಂಗಸರೂ ಮಕ್ಕಳೂ ಎಷ್ಟು ಮನೆಗಳಲ್ಲಿ ಒದ್ದಾಡುವರು! ಅದರ ಅಡಿಯಲ್ಲಿ ಸಮನಾದ ಕಲ್ಲುಚಪ್ಪಡಿ, ಬುಡದಲ್ಲಿ ಒಂದು ನಲ್ಲಿ ಇದ್ದರೆ ಅದನ್ನು ಕದಲಿಸುವ ಪ್ರಸಂಗವೇ ಬಾರದು. ಅಡುಗೆಯ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಉಕ್ಕಿನ ತೂಕ ಸೇರಿ ಸುಮಾರು 30 ಕಿಲೋ. ಅದನ್ನು ಹೆಗಲ ಮೇಲೆ ಹೊತ್ತು ಮಹಡಿ ಏರಿ ಬರುವವನಿಗೆ ಮೆಟ್ಟಿಲ ದಾರಿಯಲ್ಲಿಟ್ಟ ಕುಂಡಗಳನ್ನೂ ಚಪ್ಪಲಿಗಳನ್ನೂ ಸರಿಸಿಕೊಡುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

‘ಯಂತ್ರ’ವೆಂಬ ಶಬ್ದವನ್ನು ಈಗ ನಾವು ಗದ್ದಲ ಮಾಡುತ್ತ ತಿರುಗುವ ವಸ್ತುವಿಗೆ ಮಾತ್ರ ಬಳಸುವೆವು. ಆ ಶಬ್ದದ ಧಾತು ‘ಯಮ್’. ಅದಕ್ಕೆ ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿಡುವುದು ಎಂದು ಅರ್ಥ. ಸವಿತೃದೇವನು ಭೂಮಿಯನ್ನು ಯಂತ್ರಗಳಿಂದ ಕದಲದಂತೆ ನಿಲ್ಲಿಸಿದನೆಂದು ಋಗ್ವೇದದ ಹತ್ತನೆಯ ಮಂಡಲವು ಹೇಳುವುದು. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ಸಮರಾಂಗಣಸೂತ್ರಧಾರದಲ್ಲಿಯೂ ಯಂತ್ರಗಳಿಗೇ ಒಂದು ಅಧ್ಯಾಯವುಂಟು. ಈ ಧಾತ್ವರ್ಥದಿಂದ ನೋಡಿದರೆ ಬೆಣೆಯೂ ಯಂತ್ರ, ಪೀಠವೂ ಯಂತ್ರ, ಬಾವಿಯ ಹಗ್ಗವೂ ಯಂತ್ರ. ಭಾರವನ್ನು ಎತ್ತುವುದಕ್ಕಿಂತ ಮೊದಲು ಅದನ್ನು ಹಿಡಿದು ನಿಲ್ಲಿಸುವುದು ಏನಿದೆಯೆಂದು ಕೇಳಬೇಕೆಂಬುದನ್ನು ನಾವು ಧಾತುಪಾಠದಿಂದ ಕಲಿಯಬಹುದಾಗಿತ್ತು. ಕಲಿತುದು ಒಬ್ಬ ಮನುಷ್ಯನ ಕಾಲಿನಿಂದ.

ಅವನು ಈಗ ಭಾರವನ್ನು ಎತ್ತುವುದಿಲ್ಲ. ನಲ್ಲಿಯ ಬಳಿ ಕುಳಿತು ಅಳೆದು ಕೊಡುವನು; ಲಾರಿ ಬಂದ ದಿನ ಹೊರಗೆ ನಿಂತು ಹುಡುಗರಿಗೆ ಹಗ್ಗ ಹಿಡಿಯುವುದನ್ನು ಹೇಳಿಕೊಡುವನು. ಎಳೆಯ ಹುಡುಗನೊಬ್ಬನು ಪೀಪಾಯಿಯ ಕೆಳಗೆ ಬಂದರೆ ಅವನು ಕೂಗುವ ಕೂಗು ಬೀದಿಯ ಕೊನೆಗೆ ಕೇಳಿಸುವುದು. ಒಂದು ದಿನ ಅಂಗಡಿಯ ಬಾಗಿಲು ಹಾಕುವ ಹೊತ್ತಿನಲ್ಲಿ ಧೈರ್ಯ ತಂದುಕೊಂಡು ಕೇಳಿದೆವು: “ನೀನು ಶಾಲೆಯಲ್ಲಿ ಕೈ ಬಿಟ್ಟರೆ ಏನಾಗುತ್ತೆ ಅಂತ ಕೇಳಿದ್ದೆ, ನೆನಪಿದೆಯೇನಪ್ಪ? ನಾನು ಕೂತ್ಕೋ ಅಂದೆ.”

ಅವನು ಸ್ವಲ್ಪ ಹೊತ್ತು ಯೋಚಿಸಿದನು. “ಅದು ನೆನಪಿಲ್ಲ, ಮೇಷ್ಟ್ರೇ. ಆದ್ರೆ ಬೋರ್ಡಿನ ಮೇಲೆ ಪೀಪಾಯಿ ಬಹಳ ಚೆನ್ನಾಗಿ ಬರ್ದಿದ್ರಿ. ಅದು ಇನ್ನೂ ಕಣ್ಣಲ್ಲಿದೆ” ಎಂದನು.

ಆ ಬಾವಿಯ ಹಗ್ಗವನ್ನು ನಾವು ಮತ್ತೆ ಬಾವಿಗೆ ಹಾಕಲಿಲ್ಲ. ಮೊದಲನೆಯ ವರ್ಷ ಅದು ಪೀಪಾಯಿಗಳನ್ನೇ ಇಳಿಸಿ ಎಣ್ಣೆ ಕುಡಿದು ಕಪ್ಪಾಯಿತು. ಈಗ ಪ್ರತಿ ವರ್ಷ ಮಳೆಗಾಲದ ಮೊದಲು ಕೆಲಸಕ್ಕೆ ಹೊಸ ಹಗ್ಗವನ್ನು ತರುವೆವು; ಹಳೆಯದನ್ನು ಗದ್ದಿಗೆಯ ಎದುರಿನ ಮೊಳೆಗೆ ಸುತ್ತಿ ಹಾಕಿರುವೆವು. ಲೆಕ್ಕದ ಪುಸ್ತಕದಿಂದ ತಲೆಯೆತ್ತಿದರೆ ಮೊದಲು ಕಾಣುವುದು ಅದೇ. ನಮ್ಮ ವಾಚಕರ ಮನೆಗಳಲ್ಲಿಯೂ ಯಾರಾದರೊಬ್ಬರು ಇಂದು ನಾಳೆ ಬಾಗಿಲಲ್ಲಿ ನಿಂತು ಒಂದು ಹಗ್ಗವನ್ನೋ ಹಲಗೆಯನ್ನೋ ಕೇಳಿಯಾರು. ಅದು ಹೊಸದೆಂದೂ ಕೊಳೆಯಾದೀತೆಂದೂ ಯೋಚಿಸದೆ ಎದ್ದು ಹೋಗಿ ತಂದುಕೊಡಿರೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.